ಬಣ್ಣ ಹಿಡಿದ ಬೇರು

ನದಿ ತಿರುಗುವ ಜಾಗದಲ್ಲಿ ಒಂದು ಆಶ್ರಮ. ಅಲ್ಲಿ ಮುರಿಗೆವ್ವ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಅವ್ವ ಬಣ್ಣಗಾರರ ಮನೆಯಲ್ಲಿ ಹುಟ್ಟಿದವರು. ಆಶ್ರಮದವರು ಉಡುವ ಬಟ್ಟೆಗೆ ಅಲ್ಲೇ ಬಣ್ಣ ಹಾಕುತ್ತಿದ್ದರು. ಹೊಸದಾಗಿ ಬಂದ ಶಿಷ್ಯನಿಗೆ ಮಂತ್ರವಿಲ್ಲ, ಶಾಸ್ತ್ರವಿಲ್ಲ. ಮೊದಲು ಬಣ್ಣದ ಮನೆ.

ಅಡವಯ್ಯ ಆ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ. ಒಮ್ಮೆ ಹೇಳಿದರೆ ಸಾಕು, ಮರೆಯುತ್ತಿರಲಿಲ್ಲ. ತಿಳಿಯದ್ದನ್ನು ತಿಳಿಯದು ಎನ್ನುವ ರೂಢಿ ಮಾತ್ರ ಅವನಿಗೆ ಇರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಆಚೆ ದಡದ ದಿಣ್ಣೆಯಿಂದ ದ್ಯಾವಪ್ಪ ಬಂದ.

ದ್ಯಾವಪ್ಪನೂ ಅವನ ಕಡೆಯವರೂ ಕೆಂಪು ಕಲ್ಲಿನ ಕ್ವಾರಿಯಲ್ಲಿ ದುಡಿದವರು. ಗುತ್ತಿಗೆದಾರನ ಕೈಯಿಂದ ಬಿಡಿಸಿಕೊಂಡು ಬಂದಾಗ ಆಶ್ರಮ ಅವರಿಗೆ ಆ ದಿಣ್ಣೆ ಕೊಟ್ಟಿತ್ತು. ಕಲ್ಲು ಕಡಿದದ್ದು ಸಾಕು, ಭತ್ತ ಬೆಳೆಯಲಿ ಎಂದು.

ದ್ಯಾವಪ್ಪ ಒಂದು ಭತ್ತದ ಬುಡವನ್ನು ಕಿತ್ತು ತಂದಿದ್ದ. ಅವ್ವನ ಮುಂದೆ ಇಟ್ಟ.

“ಅವ್ವಾ, ನೀವು ಕೊಟ್ಟ ದಿಣ್ಣೆ ಬೇರು ತಿಂತದೆ.”

ಬೇರು ಮೊಂಡಾಗಿತ್ತು. ಎಣ್ಣೆ ತೀರಿ ಕರಕಲಾದ ಬತ್ತಿಯ ಹಾಗೆ.

“ಮಳೆ?”

“ಬೇಕಾದಷ್ಟು ಬಿತ್ತು.”

“ಗೊಬ್ಬರ?”

“ನಮ್ಮ ಹೊಟ್ಟೆಗಿಂತ ಜಾಸ್ತಿ ಅದಕ್ಕೇ ಹಾಕಿದೀವಿ.”

“ಸುಣ್ಣ?”

“ಅದೂ ಆಯ್ತು. ಮೇಲಿನ ಒಂದು ಗೇಣು ಮಣ್ಣು ಸರಿಹೋಯ್ತು. ಗೆಣಸು ಬರ್ತದೆ, ಸೊಪ್ಪು ಬರ್ತದೆ. ಭತ್ತದ ಬೇರು ಗೇಣು ದಾಟಿದ ಕೂಡಲೇ ನಿಲ್ತದೆ. ಕೆಳಗೆ ಯಾರೋ ಕೂತ್ಕೊಂಡು ಕತ್ತರಿಸಿದ ಹಾಗೆ.”

ಅವ್ವ ಬೇರಿನ ತುದಿಯನ್ನು ಉಗುರಿನಿಂದ ಒತ್ತಿದರು. ಅದು ಮುರಿಯಿತು.

“ಕೆಳಗೆ ಕೂತಿರೋದು ಅಲ್ಯೂಮಿನಿಯಂ,” ಅಂದರು.

“ಪಾತ್ರೆ ಮಾಡ್ತಾರಲ್ಲ, ಅದಾ?”

“ಅದೇ. ಎಲ್ಲರ ಮಣ್ಣಲ್ಲೂ ಇರ್ತದೆ, ಸುಮ್ಮನೆ ಬಿದ್ದಿರ್ತದೆ. ಮಣ್ಣು ಹುಳಿಯಾದರೆ ಕರಗಿ ನೀರಿಗೆ ಬರ್ತದೆ. ಬಂದು ಬೇರಿನ ತುದಿಯನ್ನ ಹಿಡ್ಕೊಳ್ತದೆ. ಆಮೇಲೆ ಬೇರು ಉದ್ದ ಬೆಳೆಯಲ್ಲ.”

“ಹಾಗಾದ್ರೆ ನಾವು ಭತ್ತ ಬಿಟ್ಟು ಪಾತ್ರೆ ಬೆಳೀಬೇಕು,” ಅಂದ ದ್ಯಾವಪ್ಪ. ಅವನು ನಗಲಿಲ್ಲ.

ಆಮೇಲೆ ಆ ಬುಡವನ್ನು ಬದಿಗೆ ಸರಿಸಿದ.

“ಗುತ್ತಿಗೆದಾರ ಮತ್ತೆ ಬನ್ನಿ ಅಂತ ಹೇಳಿಕಳಿಸಿದಾನೆ, ಅವ್ವಾ. ಈ ಸಲದ್ದಂತೂ ಹೋಯ್ತು. ಬರೋ ಮಳೆಗಾಲದಲ್ಲೂ ಭತ್ತ ನಿಲ್ಲದಿದ್ರೆ ನಾವು ವಾಪಸ್ ಕ್ವಾರಿಗೆ. ಗೆಣಸೊಂದನ್ನೇ ನಂಬ್ಕೊಂಡು ಮಕ್ಕಳನ್ನ ಸಾಕೋಕಾಗಲ್ಲ. ಒಳಗೆ ಹೋದವರನ್ನ ಅವನು ಬಿಡಲ್ಲ. ಹೋದ ಸಲ ಹೊರಗೆ ಬರೋಕೆ ನಮ್ಮಪ್ಪನ ಆಯುಸ್ಸೇ ಮುಗೀತು.”

ಪಕ್ಕದಲ್ಲಿ ನಿಂತಿದ್ದ ಅಡವಯ್ಯ ಮುಂದೆ ಬಂದ.

“ಅವ್ವಾ, ಒಂದು ಮಾತು. ಬೀಜಕ್ಕೆ ಅಭ್ಯಾಸ ಮಾಡಿಸಿದರೆ? ಈ ವರ್ಷ ಸ್ವಲ್ಪ ಹುಳಿ, ಮುಂದಿನ ವರ್ಷ ಇನ್ನು ಸ್ವಲ್ಪ. ಹಾಗೇ ರೂಢಿಯಾದರೆ ಅದರ ಮಕ್ಕಳು ತಡೆದುಕೊಳ್ಳಲ್ಲವಾ?”

ಅವ್ವ ದ್ಯಾವಪ್ಪನ ಕಡೆ ತಿರುಗಿದರು.

“ನಿಮ್ಮಪ್ಪ ಎಲ್ಲಿಯವರೆಗೆ ಕಲ್ಲು ಕಡಿದ?”

“ಸಾಯೋತನಕ.”

“ಅವನ ಅಂಗೈ ಹೇಗಿತ್ತು?”

“ನಮ್ಮ ಬೆನ್ನು ಕೆರೆಯೋಕೆ ಬೇರೆ ಏನೂ ಬೇಡವಾಗಿತ್ತು. ಬರೀ ಕೈ ಸವರಿದ್ರೆ ಸಾಕು.”

“ನೀನು ಹುಟ್ಟಿದಾಗ ನಿನ್ನ ಅಂಗೈ ಹೇಗಿತ್ತು?”

“ಎಲ್ಲ ಕೂಸಿಗೂ ಇರೋ ಹಾಗೇ ಇದ್ದಿರಬೇಕು.” ದ್ಯಾವಪ್ಪ ಈಗ ನಕ್ಕ.

ಅಡವಯ್ಯ ಹಿಂದೆ ಸರಿದು ನಿಂತ.

“ರೂಢಿಯಿಂದ ಬರೋದು ಒಂದು, ಬೀಜದಿಂದ ಬರೋದು ಒಂದು,” ಅಂದರು ಅವ್ವ. “ಹುಳಿ ಮಣ್ಣನ್ನ ತಡೆಯೋ ಗುಣ ಬೀಜದಲ್ಲೇ ಇರಬೇಕು. ಕೃಷಿ ಕಾಲೇಜಿನಿಂದ ಒಬ್ಬಳು ಮೇಡಂ ಬಂದು ಇಲ್ಲಿ ಕೆಲವು ದಿನ ಇದ್ದಳು. ಅದಕ್ಕೆ ಜೀನ್ ಅಂತಾರೆ ಅಂದಳು. ಇರೋ ಬೀಜಕ್ಕೆ ಇರ್ತದೆ. ಇಲ್ಲದ್ದಕ್ಕೆ ಇಲ್ಲ. ನಾವು ಕೊಡೋಕಾಗಲ್ಲ, ಹುಡುಕಬಹುದು.”

“ಎಲ್ಲಿ ಹುಡುಕೋದು?” ಅಂದ ದ್ಯಾವಪ್ಪ.

“ಕ್ವಾರಿಯಲ್ಲಿದ್ದಾಗ ನೀವು ಏನೂ ಬಿತ್ತುತ್ತಿರಲಿಲ್ಲವಾ?”

“ಕಲ್ಲು ತೆಗೆದ ಗುಂಡಿ ಅಂಚಲ್ಲಿ ಒಂದು ಮುಷ್ಟಿ ಭತ್ತ ಚೆಲ್ತಿದ್ವಿ. ತಿನ್ನೋಕಲ್ಲ. ತೆನೆ ಬಂದ ಮೇಲೆ ಬಾಗಿಲಿಗೆ ಕಟ್ಟೋಕೆ. ಒಂದೊಂದು ಮನೇದು ಒಂದೊಂದು ಬೀಜ. ಮಗಳ ಸಂಗಡ ಹೋಗ್ತದೆ, ಸೊಸೆ ಸಂಗಡ ಬರ್ತದೆ. ದಿಣ್ಣೆಗೆ ಬಂದ ಮೇಲೆ ಬಿತ್ತಿಲ್ಲ.”

“ತೆನೆ ಉಳಿದಿದೆಯಾ?”

“ಬಾಗಿಲಲ್ಲಿ ಇದೆ. ಗುಬ್ಬಿ ಬಿಟ್ಟಷ್ಟು.”

“ಬೇಸಿಗೆ ಮುಗಿಯೋ ಹೊತ್ತಿಗೆ ತಗೊಂಡು ಬಾ. ಎಲ್ಲಾ ತಾ. ಹಳೇ ಬೀಜ, ಇನ್ನೊಂದು ವರ್ಷ ಕಾಯಲ್ಲ.”

ಬೇಸಿಗೆಯ ಕೊನೆಗೆ ದ್ಯಾವಪ್ಪ ಎಲ್ಲರ ಬಾಗಿಲಿನ ತೆನೆ ಬಿಚ್ಚಿಸಿ ತಂದ. ತೆನೆ ಬಿಚ್ಚಿದ ಬಾಗಿಲು ಬೋಳು ಹಣೆಯ ಹಾಗೆ ಕಾಣುತ್ತದೆ ಎಂದು ಸಾತವ್ವ ಎಂಬ ಮುದುಕಿ ಶಾಪ ಹಾಕಿದ್ದನ್ನೂ ಹೇಳಿದ.

ಅವ್ವ ಆ ಬೀಜವನ್ನು ಅಡವಯ್ಯನ ಕೈಗೆ ಕೊಟ್ಟರು.

“ಮೊಳಕೆ ಬರಿಸು. ಬೇರು ಬೆರಳುದ್ದ ಆದಾಗ ಪಟಿಕದ ನೀರಲ್ಲಿ ಇಳಿಬಿಡು. ಒಂದು ದಿನ ಇರಲಿ. ಆಮೇಲೆ ತೆಗೆದು ಸಪ್ಪಂಗದ ಚಕ್ಕೆ ಕುದಿಸಿದ ಕೆಂಪು ನೀರಲ್ಲಿ ಅದ್ದಿ ತೊಳೆ. ಗಿಡ ಸಾಯಲ್ಲ, ಹೆದರಬೇಡ. ದಿಣ್ಣೆಯಲ್ಲಿ ನಿಲ್ಲೋದನ್ನ ಇಟ್ಟುಕೋ. ನಿಲ್ಲದ್ದನ್ನ ಹಸುವಿಗೆ ಹಾಕು. ತಿಳೀತಾ?”

“ತಿಳೀತು, ಅವ್ವಾ.”

ಅವ್ವ ಅವನ ಮುಖವನ್ನು ಒಂದು ಕ್ಷಣ ನೋಡಿದರು. ಮರುದಿನದಿಂದ ಅವರ ಮೌನವ್ರತ. ವರ್ಷಕ್ಕೊಮ್ಮೆ ಹಾಗೆ ಮಾತು ಬಿಟ್ಟು ಮೇಲಿನ ಕೋಣೆಯಲ್ಲಿ ಇರುತ್ತಿದ್ದರು. ತೀರಾ ಬೇಕಾದರೆ ಶಿಷ್ಯರು ಹೋಗಿ ಕೇಳಬಹುದಿತ್ತು. ಅವರು ಕೈಸನ್ನೆಯಲ್ಲಿ ಹೇಳುತ್ತಿದ್ದರು.

ಅಡವಯ್ಯ ಹೋಗಲಿಲ್ಲ.

ಅವನಿಗೆ ಕೆಲಸ ಹೊಸದೇನೂ ಅಲ್ಲ. ಬಣ್ಣದ ಮನೆಯಲ್ಲಿ ಬಟ್ಟೆಯನ್ನು ಮೊದಲು ಪಟಿಕದ ನೀರಲ್ಲಿ ನೆನೆಸುತ್ತಾರೆ. ಆಮೇಲೆ ಕೆಂಪು ನೀರಿಗೆ ಹಾಕುತ್ತಾರೆ. ಪಟಿಕ ಎಲ್ಲಿ ಕೂತಿದೆಯೋ ಅಲ್ಲಿ ಕೆಂಪು ನಿಲ್ಲುತ್ತದೆ. ಚೆನ್ನಾಗಿ ಬಣ್ಣ ಹಿಡಿದದ್ದು ಉಡುವ ಬಟ್ಟೆ. ಹಿಡಿಯದೆ ಪೇಲವವಾಗಿ ಉಳಿದದ್ದು ಅಡುಗೆಮನೆಗೆ, ಪಾತ್ರೆ ಒರೆಸಲು.

ಮೊಳಕೆಗಳನ್ನೂ ಅವನು ಹಾಗೇ ಮಾಡಿದ. ತೊಳೆದು, ಬಾಳೆಲೆಯ ಮೇಲೆ ಸಾಲಾಗಿ ಮಲಗಿಸಿದ.

ಕೆಲವು ಬೇರುಗಳ ತುದಿ ದಾಸವಾಳದ ಹಾಗೆ ಕೆಂಪಾಗಿತ್ತು. ಕೆಲವು ಅದ್ದಿದ್ದೇ ಸುಳ್ಳು ಎನ್ನುವ ಹಾಗೆ ಬೆಳ್ಳಗಿದ್ದವು.

ಕೆಂಪಾದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟ. ಬೆಳ್ಳಗಿದ್ದವನ್ನು ಬಾಚಿಕೊಂಡು ಕೊಟ್ಟಿಗೆಗೆ ಹೋದ.

ಮೌನ ಮುಗಿಸಿ ಅವ್ವ ಕೆಳಗೆ ಬಂದರು. ತಟ್ಟೆ ನೋಡಿದರು.

“ಬಿಳಿಯವು ಎಲ್ಲಿ?”

“ಹಸುವಿಗೆ ಹಾಕಿದೆ, ಅವ್ವಾ. ಬಣ್ಣ ಹಿಡಿಯಲಿಲ್ಲ.”

“ಎಲ್ಲಾ?”

“ಎಲ್ಲಾ.”

ಅವ್ವ ಕೊಟ್ಟಿಗೆಗೆ ಹೋದರು. ಹಸು ಮೆಲುಕು ಹಾಕುತ್ತಿತ್ತು. ಅದರ ಕತ್ತಿನ ಗಂಗೆದೊಗಲನ್ನು ತುಸು ಹೊತ್ತು ತುರಿಸಿದರು. ಆಮೇಲೆ ಬಂದು ಜಗುಲಿಯ ಮೇಲೆ ಕೂತರು.

“ಕೆಂಪು ಎಲ್ಲಿ ನಿಲ್ತದೆ, ಅಡವಯ್ಯ?”

“ಪಟಿಕ ಕೂತ ಕಡೆ.”

“ಪಟಿಕದಲ್ಲಿ ಏನಿದೆ?”

ಅಡವಯ್ಯ ಬಾಯಿ ತೆರೆದ. ಅವನಿಗೆ ಅದು ಗೊತ್ತಿತ್ತು. ಅವ್ವನೇ ಯಾವಾಗಲೋ ಹೇಳಿದ್ದರು. ಅವನು ಏನನ್ನೂ ಮರೆಯುವವನಲ್ಲ.

“ಅಲ್ಯೂಮಿನಿಯಂ.”

“ಹಾಗಾದರೆ ಕೆಂಪು ಬೇರು ಅಂದರೆ?”

“ಅಲ್ಯೂಮಿನಿಯಂ ಹಿಡಿದ ಬೇರು. ದಿಣ್ಣೆಯಲ್ಲಿ ನಿಲ್ಲದ್ದು.”

ಅವನು ತಟ್ಟೆಯ ಕಡೆ ನೋಡಿ ಕೇಳಿದ. “ಬಿಳಿ ಬೇರು ಅದನ್ನ ಒಳಗೆ ಬಿಡಲಿಲ್ಲ. ಹೇಗೆ, ಅವ್ವಾ?”

“ತುದಿಯಿಂದ ಒಂದು ಹುಳಿ ಬಿಡ್ತದೆ. ತಾನು ಉಣ್ಣಬೇಕಾಗಿದ್ದ ಸಕ್ಕರೆಯಿಂದಲೇ ಮಾಡಿದ ಹುಳಿ. ಅದು ಹೊರಗೇ ಲೋಹವನ್ನ ಹಿಡಿದು ಕೂರಿಸ್ತದೆ. ಅಷ್ಟರಲ್ಲಿ ಬೇರು ಮುಂದೆ ಹೋಗಿರ್ತದೆ.”

“ಹುಳಿ ಮಣ್ಣಿಗೆ ಮತ್ತೆ ಹುಳಿಯಾ?”

“ಅತ್ತೆ ಬೈಯೋದು, ತಾಯಿ ಬೈಯೋದು ಎರಡೂ ಒಂದೇನಾ?”

ಅಡವಯ್ಯ ತಲೆ ತಗ್ಗಿಸಿದ.

“ಇದನ್ನ ನೀವು ಮೊದಲೇ ಹೇಳಬಹುದಿತ್ತು.”

“ಹೇಳಬಹುದಿತ್ತು. ನೀನು ತಿಳೀತು ಅಂದೆ.”

ಹೊರಗೆ ದೋಣಿಯವನು ಯಾರನ್ನೋ ಕೂಗುತ್ತಿದ್ದ.

“ದ್ಯಾವಪ್ಪನಿಗೆ ನೀವೇ ಹೇಳಿ, ಅವ್ವಾ.”

ಅವ್ವ ತಟ್ಟೆಯನ್ನು ಅವನ ಕಡೆಗೆ ಸರಿಸಿದರು.

ಅಡವಯ್ಯ ನದಿ ದಾಟಿದ. ದಿಣ್ಣೆ ಹತ್ತಿದ. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದ.

ದಿಣ್ಣೆಯವರು ಅವನನ್ನು ಕಂಡು ಸಂತೋಷದಿಂದ ಸುತ್ತ ಸೇರಿದರು. ಯಾರೋ ಚಾಪೆ ತಂದು ಹಾಸಿದರು. ಅವನು ಕೂರಲಿಲ್ಲ. ನಿಂತೇ ಹೇಳಿದ. ಯಾವುದನ್ನು ಇಡಬೇಕಿತ್ತು, ಯಾವುದನ್ನು ಇಟ್ಟಿದ್ದೇನೆ, ಉಳಿದದ್ದು ಎಲ್ಲಿ ಹೋಯಿತು. ಒಂದನ್ನೂ ಮುಚ್ಚಿಡಲಿಲ್ಲ.



ಸಾತವ್ವ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದಳು.

“ಹಸು ಚೆನ್ನಾಗಿ ತಿಂತಾ, ಮರಿಸ್ವಾಮಿಗಳೇ?”

“ತಿಂತು,” ಅಂದ ಅಡವಯ್ಯ.

“ಹಾಲು ಜಾಸ್ತಿ ಕೊಟ್ರೆ ಒಂದು ಲೋಟ ಕಳಿಸಿಕೊಡಿ. ನಮ್ಮತ್ತೆ ಮನೆ ಬೀಜ ಅದು, ರುಚಿ ನೋಡ್ತೀನಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಒಬ್ಬ ಚಾಪೆಯನ್ನು ಸುತ್ತಿಕೊಂಡು ಒಳಗೆ ಹೋದ.

“ಅಯ್ಯನೋರೇ,” ಅಂದ ದ್ಯಾವಪ್ಪ, “ಕೆಂಪಿಂದು ಒಂದೂ ನಿಲ್ಲಲ್ವಾ?”

“ಅವ್ವ ಹೇಳೋ ಪ್ರಕಾರ ನಿಲ್ಲಲ್ಲ.”

“ನಿಮ್ಮ ಪ್ರಕಾರ?”

ಅಡವಯ್ಯನಿಗೆ ಹೇಳಲು ಏನೂ ಇರಲಿಲ್ಲ. ಅವನು ಅದನ್ನೇ ಹೇಳಿದ. “ನನಗೆ ಗೊತ್ತಿಲ್ಲ, ದ್ಯಾವಪ್ಪ.”

ದ್ಯಾವಪ್ಪ ತಟ್ಟೆ ತೆಗೆದುಕೊಂಡ. ಒದ್ದೆ ಬಟ್ಟೆ ಬಿಡಿಸಿ ನೋಡಿದ.

“ಇರೋದು ಇದೇ ತಾನೇ. ನೆಡೋಣ.”

ದಿಣ್ಣೆಯ ಕೆಳಗಿನ ಪಟ್ಟಿಯಲ್ಲಿ ಮೇಲ್ಮಣ್ಣು ತೆಗೆದು ಹುಳಿ ಮಣ್ಣಿನಲ್ಲೇ ಅವನ್ನು ನೆಟ್ಟರು. ಸುಣ್ಣ ಹಾಕಿದ ಮೇಲ್ಮಣ್ಣಲ್ಲಿ ನೆಟ್ಟು ನಿಂತಿದೆ ಎಂದು ಸಂತೋಷಪಟ್ಟು, ಆಮೇಲೆ ಸೋಲುವುದು ಬೇಡ ಎಂದ ದ್ಯಾವಪ್ಪ. ಮಳೆ ಹಿಡಿಯಿತು.

ಅಡವಯ್ಯ ಆಶ್ರಮಕ್ಕೆ ಮರಳಲಿಲ್ಲ. ಯಾರೂ ಅವನನ್ನು ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಗೆಣಸಿನ ಪಾತಿಯಲ್ಲಿ ಕಳೆ ಕಿತ್ತ. ನೀರು ಹೊತ್ತ. ಊಟಕ್ಕೆ ಕೂತಾಗ ಸಾತವ್ವ ದಿನವೂ ಅವನ ತಟ್ಟೆಗೆ ಗೆಣಸು ಹಾಕುತ್ತ ಒಂದು ಮಾತು ಸೇರಿಸುತ್ತಿದ್ದಳು.

“ಇದು ಕೆಂಪು ಗೆಣಸು. ನಿಮಗೆ ಕೆಂಪೇ ಇಷ್ಟ ಅಲ್ವಾ?”

ಅವನು ತಿನ್ನುತ್ತಿದ್ದ.

ನೆಟ್ಟ ಪೈರು ಹಳದಿಯಾಯಿತು. ಒಂದೊಂದೇ ಬಾಗಿತು. ಅಡವಯ್ಯ ಬೆಳಗಾದರೆ ಹೋಗಿ ನೋಡುತ್ತಿದ್ದ. ಸತ್ತದ್ದನ್ನು ಕಿತ್ತು ಬೇರು ನೋಡುತ್ತಿದ್ದ. ಎಲ್ಲದರದ್ದೂ ಕರಕಲು ಬತ್ತಿ.

ಒಂದು ಸಲ ಅವನು ಬೂದಿ ತಂದು ಬುಡಕ್ಕೆ ಹಾಕಲು ಹೊರಟ. ದ್ಯಾವಪ್ಪ ತಡೆದ.

“ಬೂದಿ ಹಾಕಿದ್ರೆ ಹುಳಿ ಮುರೀತದೆ, ಅಯ್ಯನೋರೇ. ಗಿಡ ಬದುಕ್ತದೆ. ಆದ್ರೆ ಬದುಕಿದ್ದು ಗಿಡಾನೋ ಬೂದಿಯೋ ನಮಗೆ ತಿಳಿಯೋದು ಹೇಗೆ?”

“ಸಾಯ್ತಾ ಇದೆ.”

“ಸಾಯೋದು ಸಾಯಲಿ. ನಂಗೆ ನೋಡೋಕೆ ಖುಷಿ ಅಂತ ತಿಳೀಬೇಡಿ.”

ಅಡವಯ್ಯ ಬೂದಿಯ ಬುಟ್ಟಿಯನ್ನು ವಾಪಸ್ ಒಯ್ದ.

ಮಳೆ ಜೋರಾಗಿ ನಡುಮಳೆಗಾಲ ಬಂತು. ಪಟ್ಟಿ ಬೋಳಾಗಿತ್ತು. ಆದರೆ ಅಂಚಿನ ಕಡೆ ಕೆಲವು ಬುಡ ಹಸಿರಾಗಿಯೇ ಇದ್ದವು. ಅಡವಯ್ಯ ನಂಬಲಿಲ್ಲ. ನಾಳೆ ಬಾಗುತ್ತವೆ ಎಂದುಕೊಂಡ. ಬಾಗಲಿಲ್ಲ. ಬುಡದಲ್ಲಿ ಹೊಸ ಕವಲು ಮೂಡಿ ತೆಂಡೆ ಒಡೆದವು.

ದ್ಯಾವಪ್ಪನೂ ಬಂದು ಪಕ್ಕದಲ್ಲಿ ಕೂತು ನೋಡಿದ.

“ಒಂದು ಕೀಳಲಾ?” ಅಂದ ಅಡವಯ್ಯ.

“ಕಿತ್ರೆ ಒಂದು ಕಡಿಮೆ ಆಗ್ತದೆ.”

“ಹೌದು.”

ದ್ಯಾವಪ್ಪ ಯೋಚಿಸಿದ. “ಕೀಳಿ. ಯಾಕೆ ನಿಂತಿದೆ ಅಂತ ತಿಳೀದೆ ಇದ್ರೆ, ನಿಂತದ್ದನ್ನ ನಂಬೋಕೆ ಭಯ.”

ಅಡವಯ್ಯ ಸುತ್ತ ಮಣ್ಣು ಬಿಡಿಸಿ ಮೆಲ್ಲಗೆ ಎತ್ತಿದ. ಬೇರು ಮುಗಿಯಲೇ ಇಲ್ಲ. ಮೊಣಕೈಯವರೆಗೆ ಮಣ್ಣೊಳಗೆ ಕೈ ಹೋಯಿತು.

ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅವನು ನದಿ ದಾಟಿದ.

ಅವ್ವ ಬಣ್ಣದ ಮನೆಯಲ್ಲಿದ್ದರು. ಅವನನ್ನು ನೋಡಿ, ಎಷ್ಟು ದಿನವಾಯಿತು ಎಂದು ಕೇಳಲಿಲ್ಲ.

“ಅವ್ವಾ, ಇದು ನಿಂತಿದೆ.”

“ಹಾಗಾದರೆ ಅದು ಬಿಳಿಯದು. ನೀನು ಕೈತಪ್ಪಿ ಕೆಂಪಿನ ಜತೆ ಸೇರಿಸಿದ್ದೀಯ.”

“ಇರಬಹುದು.”

ಅವ್ವ ಬೇರನ್ನು ತೊಳೆದರು. ಕೆಂಪು ನೀರಲ್ಲಿ ಅದ್ದಿದರು. ಮತ್ತೆ ತೊಳೆದರು.

ಬೇರು ಕೆಂಪಾಗಿತ್ತು.

ಅವ್ವ ಮತ್ತೊಮ್ಮೆ ತೊಳೆದರು. ಬಣ್ಣ ಹೋಗಲಿಲ್ಲ.

ಅವರು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಅಡವಯ್ಯ ಎಂದೂ ಕಂಡಿರಲಿಲ್ಲ. ಮೌನವ್ರತದಲ್ಲೂ ಅವರ ಕೈ ಏನಾದರೂ ಮಾಡುತ್ತಿತ್ತು.

ಅವರು ಎದ್ದು ಗೂಡಿನಿಂದ ಭೂತಗನ್ನಡಿ ತಂದರು. ಬಟ್ಟೆಯ ಎಳೆಯಲ್ಲಿ ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಇಟ್ಟುಕೊಂಡದ್ದು. ಬೇರನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಬೆಳಕಿಗೆ ಹಿಡಿದರು.

“ಇಲ್ಲಿ ನೋಡು.”

ಅಡವಯ್ಯ ನೋಡಿದ.

“ಸತ್ತ ಬೇರು ಹೇಗಿರ್ತದೆ? ಮೈಯೆಲ್ಲ ಕೆಂಪು, ಒದ್ದೆ ನೆಲಕ್ಕೆ ಕುಂಕುಮ ಚೆಲ್ಲಿದ ಹಾಗೆ. ಇದರಲ್ಲಿ?”

“ಚುಕ್ಕಿ ಚುಕ್ಕಿ ಇದೆ.”

“ತುದಿ?”

“ತುದಿಯಲ್ಲಿ ಅಷ್ಟಿಲ್ಲ. ಹಿಂದೆ ಇದೆ.”

“ಒಳಗೆ ಬಿಟ್ಟುಕೊಂಡಿದೆ,” ಅಂದರು ಅವ್ವ. ತಮಗೆ ತಾವೇ ಹೇಳಿಕೊಳ್ಳುವ ಹಾಗಿತ್ತು. “ಬಿಟ್ಟುಕೊಂಡು, ಕೆಲಸ ಮಾಡೋ ಜಾಗದಿಂದ ದೂರ ಸರಿಸಿ, ಪುಟ್ಟ ಪುಟ್ಟ ಕೋಣೆಯಲ್ಲಿ ಕೂಡಿ ಹಾಕಿದೆ. ಬಾಗಿಲು ಎಳ್ಕೊಂಡಿದೆ.”

ಅಡವಯ್ಯನ ಕಣ್ಣು ಹೊಳೆಯಿತು. “ಅವ್ವಾ, ಹಾಲಾಹಲವನ್ನು ಗಂಟಲಲ್ಲೇ ಹಿಡಿದ ಶಿವನ ಹಾಗೆ...”

“ಶಿವನ ವಿಚಾರ ಶಿವರಾತ್ರಿಗೆ ಮಾತಾಡೋಣ. ಬೇರಿನ ವಿಚಾರ ಹೇಳು. ಇಂಥದ್ದು ಎಷ್ಟು ಬುಡ ಇದೆ?”

“ಒಂದು ಕೈಯ ಬೆರಳಷ್ಟು.”

ಅವ್ವ ಭೂತಗನ್ನಡಿ ಕೆಳಗಿಟ್ಟರು.

“ಹೀಗೂ ಇದೆ ಅಂತ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಹೊರಗೆ ತಡೆಯೋದು ಒಂದೇ. ನಾನು ಆರಿಸಿದ್ದರೆ ಇದನ್ನ ನಾನೇ ಹಸುವಿಗೆ ಹಾಕ್ತಿದ್ದೆ.”

ಅಡವಯ್ಯನ ಒಳಗೆ ಏನೋ ಹಗುರಾಯಿತು. ಅದನ್ನು ಮುಖದಲ್ಲಿ ತೋರಿಸದೆ ನದಿ ದಾಟಿದ.

ಉಳಿದ ಬುಡಗಳು ತೆನೆ ತಂದವು. ಕಪ್ಪು ಮುಳ್ಳಿನ ಸಣ್ಣ ಕಾಳು.

ತೆನೆ ಕಾಣಿಸಿದ ಕೂಡಲೇ ಅದು ಯಾರ ಮನೆಯ ಬೀಜ ಎಂದು ದಿಣ್ಣೆಯಲ್ಲಿ ಜಗಳ ಶುರುವಾಯಿತು. ಕಪ್ಪು ಮುಳ್ಳು ತಮ್ಮ ಮನೆಯದು ಎಂದು ಒಬ್ಬ. ತಮ್ಮ ಮನೆಯಿಂದ ಸೊಸೆ ಸಂಗಡ ಆ ಮನೆಗೆ ಹೋದದ್ದು ಎಂದು ಇನ್ನೊಬ್ಬ. ಸಾತವ್ವ ಎಲ್ಲರನ್ನೂ ಬದಿಗೆ ಸರಿಸಿದಳು.

“ನಮ್ಮತ್ತೆ ಇದನ್ನ ತರೋವಾಗ ನಿಮ್ಮಪ್ಪಂದಿರಿಗೆ ಮೂಗು ಒರೆಸಿಕೊಳ್ಳೋಕೆ ಬರ್ತಿರಲಿಲ್ಲ.”

“ಹಾಗಾದ್ರೆ ಹಸು ತಿಂದಿದ್ದು ಯಾರ ಮನೇದು?” ಅಂದ ಒಬ್ಬ.

“ಅದು ನಿಮ್ಮ ಮನೇದು.”

ಎಲ್ಲರೂ ನಕ್ಕರು. ಅಡವಯ್ಯನೂ ನಕ್ಕ.

ಕೊಯ್ಲಿನ ಮಾರನೆಯ ದಿನ ಗುತ್ತಿಗೆದಾರನ ಮೇಸ್ತ್ರಿ ಲಾರಿ ತಂದು ದಿಣ್ಣೆಯ ಕೆಳಗೆ ನಿಲ್ಲಿಸಿದ. ಸುತ್ತ ನೋಡಿದ. ಬೋಳು ಪಟ್ಟಿ ನೋಡಿದ.

“ಏನು ದ್ಯಾವಪ್ಪಾ, ಭತ್ತ ಎಲ್ಲಿಡೋದು ಅಂತ ಜಾಗ ಹುಡುಕ್ತಿದೀಯಾ? ಲಾರಿ ಹತ್ತಿ. ಮುಂಗಡ ತಂದಿದೀನಿ.”

ದ್ಯಾವಪ್ಪ ಅಡವಯ್ಯನನ್ನು ಬದಿಗೆ ಕರೆದ.

“ಅಯ್ಯನೋರೇ, ಸರಿಯಾಗಿ ಹೇಳಿ. ಈ ಬೀಜ ನಮ್ಮನ್ನ ಸಾಕ್ತದಾ?”

“ಒಂದು ಬೊಗಸೆ ಇದೆ, ದ್ಯಾವಪ್ಪ. ಬರೋ ವರ್ಷ ಎಲ್ಲಾ ಬಿತ್ತಬೇಕು, ಒಂದು ಕಾಳೂ ತಿನ್ನೋ ಹಾಗಿಲ್ಲ. ಅದರ ಮುಂದಿನ ವರ್ಷವೂ ಬಹುಶಃ ಇಲ್ಲ. ಮೂರನೇ ವರ್ಷ ಉಣ್ಣಬಹುದು. ಗುಣ ಬೀಜದಲ್ಲಿದ್ದರೆ ಮಕ್ಕಳಿಗೂ ಬರ್ತದೆ. ನಡುವೆ ಮಳೆ ತಪ್ಪಿದರೆ, ರೋಗ ಬಂದರೆ, ನನಗೆ ಗೊತ್ತಿಲ್ಲ.”

ದ್ಯಾವಪ್ಪ ಅವನನ್ನೇ ನೋಡಿದ.

“ಮೂರನೇ ವರ್ಷ ಅಂತ ನಮಗೆ ಯಾರೂ ಹೇಳಿರಲಿಲ್ಲ. ಕ್ವಾರಿಯವನೂ ಮುಂದಿನ ವರ್ಷ ಅಂತಿದ್ದ. ನಿಮ್ಮ ಆಶ್ರಮದವರೂ ಮುಂದಿನ ವರ್ಷ ಅಂತಿದ್ರು.”

ಅವನು ಲಾರಿಯ ಹತ್ತಿರ ಹೋದ.

“ನೀನು ಹೋಗು ಮೇಸ್ತ್ರಿ. ನಾವು ಗೆಣಸು ತಿಂತೀವಿ.”

“ಮೂರು ದಿನ ತಿಂತೀರ.”

“ಮೂರು ವರ್ಷ.”

“ನಾನಂತೂ ಗೆಣಸು ತಿಂದು ತಿಂದು ಗೆಣಸೇ ಆಗಿ ಹೋಗ್ತೀನಿ,” ಅಂದಳು ಸಾತವ್ವ. “ಸತ್ತ ಮೇಲೆ ಹೂಳೋಕೆ ಸುಲಭ.”

ಆದರೂ ಎರಡು ಮನೆಯವರು ಲಾರಿ ಹತ್ತಿದರು. ಚಾಪೆ ಸುತ್ತಿಕೊಂಡು ಒಳಗೆ ಹೋಗಿದ್ದವನೂ ಅವರಲ್ಲಿದ್ದ. ಅವನ ಹೆಂಡತಿ ಹಿಂದೆ ತಿರುಗಿ ನೋಡುತ್ತಿದ್ದಳು. ದ್ಯಾವಪ್ಪ ಅವರನ್ನು ತಡೆಯಲಿಲ್ಲ. ಲಾರಿ ಹೋದ ಮೇಲೆ ರಸ್ತೆಯ ಕೆಂಪು ಧೂಳು ಅಡಗುವವರೆಗೂ ಯಾರೂ ಕದಲಲಿಲ್ಲ.

ಕೆಲವು ದಿನಗಳ ಬಳಿಕ ಅವ್ವ ದಿಣ್ಣೆಗೆ ಬಂದರು. ಕಾಳನ್ನು ಮೊರದಲ್ಲಿ ಒಣಗಲು ಹಾಕಿತ್ತು. ಅಡವಯ್ಯ ಕಾವಲಿಗೆ ಕೂತಿದ್ದ. ಅವ್ವ ಅವನ ಪಕ್ಕ ಕೂತು ಕಾಳಿನಲ್ಲಿ ಕೈಯಾಡಿಸಿದರು.

“ಚೆನ್ನಾಗಿ ಒಣಗಿದೆ. ಸಂಜೆ ಕಟ್ಟಿಡು.”

“ಆಯ್ತು, ಅವ್ವಾ.”

ಅಡವಯ್ಯನಿಗೆ ಬಹಳ ದಿನದಿಂದ ಒಂದು ಮಾತು ಒಳಗೇ ಇತ್ತು. ಅವ್ವ ಭೂತಗನ್ನಡಿ ಕೆಳಗಿಟ್ಟ ದಿನದಿಂದ ಇತ್ತು.

“ಅವ್ವಾ.”

“ಹ್ಞೂಂ.”

“ನಾನು ಸರಿಯಾಗಿ ಆರಿಸಿದ್ದರೆ ಈ ಬೀಜ ಸಿಗ್ತಿರಲಿಲ್ಲ. ಅಂದಮೇಲೆ ನಾನು ಮಾಡಿದ ತಪ್ಪು ಒಳ್ಳೆಯದೇ ಆಯಿತಲ್ಲವಾ?”

ಅವ್ವ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದರು.

“ಬಿಳಿ ಬೇರಿನವು ಮೊದಲ ವರ್ಷವೇ ಇಡೀ ಪಟ್ಟಿ ತುಂಬ್ತಿದ್ದವೋ ಏನೋ. ಲಾರಿ ಹತ್ತಿದ ಎರಡು ಮನೆ ಇಲ್ಲೇ ಇರ್ತಿದ್ದವೋ ಏನೋ. ನಿನಗೆ ಗೊತ್ತಾ?”

ಅಡವಯ್ಯ ಲಾರಿ ಹೋದ ರಸ್ತೆಯ ಕಡೆ ನೋಡಿದ.

“ಗೊತ್ತಿಲ್ಲ, ಅವ್ವಾ.”

“ಹಾಗಾದರೆ ಇದು ಬೀಜ, ಅದು ತಪ್ಪು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡ.”